ಕೈಗಾರಿಕಾ ನೀತಿಯ ತೀರ್ಮಾನಕ್ಕೆ ದತ್ತಾಂಶದ ಆಧಾರ: ಒಂದು ಸಮಗ್ರ ಮಾರ್ಗದರ್ಶಿ

ಕೈಗಾರಿಕಾ ಇಲಾಖೆಗೆ ಬರುವ ಪ್ರೋತ್ಸಾಹಧನದ ಪ್ರಸ್ತಾವನೆಯನ್ನು ತೆರೆದರೆ ಸಾಮಾನ್ಯವಾಗಿ ಮೂರು ಅಂಕಿಗಳು ಎದ್ದು ಕಾಣುತ್ತವೆ: ಎಷ್ಟು ಬಂಡವಾಳ ಹೂಡಲಾಗುತ್ತದೆ, ಎಷ್ಟು ಮಂದಿಗೆ ಕೆಲಸ ಸಿಗುತ್ತದೆ, ಎಷ್ಟು ಮೌಲ್ಯದ ಸರಕು ರಫ್ತಾಗುತ್ತದೆ. ಮೂರನ್ನೂ ಬರೆದವರು ಅರ್ಜಿದಾರರೇ. ಬೆಂಬಲ ಕೊಡದಿದ್ದರೆ ಏನಾಗುತ್ತಿತ್ತು, ಕೊಟ್ಟರೆ ಅದರ ಹೊರೆ ಯಾರ ಮೇಲೆ ಬೀಳುತ್ತದೆ, ಅದೇ ಹಣವನ್ನು ಬೇರೆಡೆ ಬಳಸಿದ್ದರೆ ಏನು ಸಾಧ್ಯವಿತ್ತು ಎಂಬ ಪ್ರಶ್ನೆಗಳಿಗೆ ಆ ಮೂರರಲ್ಲಿ ಒಂದೂ ಉತ್ತರ ಕೊಡುವುದಿಲ್ಲ. ಆದರೂ ತೀರ್ಮಾನ ನಡೆಯುವುದು ಹೆಚ್ಚಾಗಿ ಅವುಗಳ ಮೇಲೆಯೇ. ಯಾವ ವಲಯಕ್ಕೆ ಬೆಂಬಲ ಕೊಡಬೇಕೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಅದಕ್ಕೆ ಸಮರ್ಥನೆ ಹುಡುಕುವ ಕೆಲಸವಷ್ಟೇ ವಿಶ್ಲೇಷಕರ ಪಾಲಿಗೆ ಉಳಿಯುತ್ತದೆ.

ಈ ಕ್ರಮವನ್ನು ತಿರುಗಿಸುವುದು ಹೇಗೆಂದು ವಿವರಿಸುವುದು ಈ ಬರಹದ ಉದ್ದೇಶ. ಇಲಾಖೆಗಳ ಅಧಿಕಾರಿಗಳು, ಯೋಜನಾ ಮಂಡಳಿಗಳ ಸಂಶೋಧಕರು, ಶಾಸಕಾಂಗ ಸಮಿತಿಗಳಿಗೆ ಟಿಪ್ಪಣಿ ಸಿದ್ಧಪಡಿಸುವವರು ಮತ್ತು ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ನನ್ನ ನಿಲುವನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇನೆ: ನೀತಿ ಫಲ ಕೊಟ್ಟಿತೇ ಎಂದು ಅಳೆಯುವ ವ್ಯವಸ್ಥೆಯನ್ನು ಮೊದಲ ಕಂತಿನ ಹಣ ಬಿಡುಗಡೆಯಾಗುವ ಮುನ್ನವೇ ಕಟ್ಟದಿದ್ದರೆ, ಅನಂತರ ಎಷ್ಟೇ ನಿಪುಣ ಅರ್ಥಶಾಸ್ತ್ರಜ್ಞರನ್ನು ಕರೆಸಿದರೂ ಸರಿಯಾದ ಉತ್ತರ ಸಿಗುವುದು ಕಷ್ಟ. ಮುಂದಿನ ಹಂತಗಳೆಲ್ಲವೂ ಈ ಒಂದು ಮಾತಿನ ಸುತ್ತಲೇ ಇವೆ.

ಹಂತ 1: ವಲಯವನ್ನು ಹೆಸರಿಸುವ ಮೊದಲು ಸಮಸ್ಯೆಯನ್ನು ಹೆಸರಿಸಿ

"ಎಲೆಕ್ಟ್ರಾನಿಕ್ಸ್ ವಲಯವನ್ನು ಬೆಳೆಸಬೇಕು" ಎಂಬುದು ಆಶಯ; ವಿಶ್ಲೇಷಣೆಗೆ ಒಗ್ಗುವ ಪ್ರಶ್ನೆಯಲ್ಲ. ಮಾರುಕಟ್ಟೆ ತಾನಾಗಿಯೇ ಮಾಡಲಾರದ ಕೆಲಸ ಯಾವುದು, ಏಕೆ ಮಾಡಲಾರದು ಎಂಬುದು ಮೊದಲು ಸ್ಪಷ್ಟವಾಗಬೇಕು. ಇಂಥ ವೈಫಲ್ಯಗಳಲ್ಲಿ ಕೆಲವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಒಂದು ಉದ್ಯಮ ಕಷ್ಟಪಟ್ಟು ಕಲಿತದ್ದನ್ನು ಪಕ್ಕದ ಉದ್ಯಮಗಳು ಖರ್ಚಿಲ್ಲದೆ ಪಡೆದುಕೊಳ್ಳುವುದರಿಂದ ಮೊದಲು ಮುಂದೆ ಬರಲು ಯಾರೂ ಒಪ್ಪದಿರುವುದು ಒಂದು ಬಗೆ. ಬಿಡಿಭಾಗ ತಯಾರಿಸುವವರು ಜೋಡಣಾ ಘಟಕ ಬರಲಿ ಎಂದೂ, ಜೋಡಣಾ ಘಟಕದವರು ಬಿಡಿಭಾಗ ಸಿಗಲಿ ಎಂದೂ ಪರಸ್ಪರ ಕಾಯುತ್ತ ಕೂರುವುದು ಇನ್ನೊಂದು ಬಗೆ. ಒಳ್ಳೆಯ ಯೋಜನೆಯಿದ್ದೂ ಅಡಮಾನವಿಲ್ಲದ ಕಾರಣಕ್ಕೆ ಸಾಲ ಸಿಗದಿರುವುದು, ಪರೀಕ್ಷಾ ಪ್ರಯೋಗಾಲಯ, ಬಂದರು, ನುರಿತ ತಂತ್ರಜ್ಞರಂಥ ಸಾರ್ವಜನಿಕ ಸೌಲಭ್ಯಗಳ ಕೊರತೆ, ಒಂದೇ ದೇಶದ ಪೂರೈಕೆಯ ಮೇಲೆ ಪೂರ್ತಿ ಅವಲಂಬಿತವಾಗಿರುವ ಅಪಾಯ, ಇವು ಉಳಿದವು.

ಇವುಗಳಲ್ಲಿ ಪ್ರತಿಯೊಂದೂ ಅಂಕಿ ಅಂಶಗಳಲ್ಲಿ ತನ್ನದೇ ಗುರುತು ಬಿಡುತ್ತದೆ ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. ಸಾಲದ ಅಭಾವವೇ ಕಾರಣವಾಗಿದ್ದರೆ, ಸಣ್ಣ ಘಟಕಗಳಲ್ಲಿ ಹೆಚ್ಚುವರಿ ಬಂಡವಾಳದಿಂದ ಬರುವ ಆದಾಯ ದೊಡ್ಡ ಘಟಕಗಳಿಗಿಂತ ಬಹಳ ಹೆಚ್ಚಿರುತ್ತದೆ. ಪರಸ್ಪರ ಕಾಯುವಿಕೆಯೇ ಕಾರಣವಾಗಿದ್ದರೆ, ಒಂದು ಬಿಡಿಭಾಗದ ಆಮದು ವರ್ಷದಿಂದ ವರ್ಷಕ್ಕೆ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದ್ದರೂ ದೇಶದೊಳಗೆ ಅದರ ತಯಾರಿಕೆಗೆ ಯಾರೂ ಕೈಹಾಕಿರುವುದಿಲ್ಲ. ವಿದ್ಯುತ್ತಿನ ಕೊರತೆಯಿದ್ದರೆ ಉದ್ಯಮಗಳು ದುಬಾರಿ ಡೀಸೆಲ್ ಜನರೇಟರ್‌ಗಳಿಗೆ ಹಣ ಸುರಿಯುತ್ತಿರುತ್ತವೆ. ನಿಜವಾದ ಅಡ್ಡಿ ಇರುವಲ್ಲೆಲ್ಲ ಅದನ್ನು ದಾಟಲು ಜನ ಖರ್ಚು ಮಾಡುತ್ತಿರುತ್ತಾರೆ. ಆ ಖರ್ಚನ್ನು ಹುಡುಕಿ. ಯಾವ ಗುರುತೂ ಸಿಗದಿದ್ದರೆ ಸಬ್ಸಿಡಿಯ ಅಗತ್ಯವೇ ಇಲ್ಲದಿರಬಹುದು, ಅಥವಾ ಸಮಸ್ಯೆ ಬೇರೆಯೇ ಆಗಿರಬಹುದು.

ಈ ಹಂತದ ಕೊನೆಗೆ ಒಂದೇ ವಾಕ್ಯ ಬರೆದಿಡಿ: ಯಾವ ಬಗೆಯ ಘಟಕಗಳಲ್ಲಿ, ಯಾವ ಅಳತೆ, ಎಷ್ಟು ವರ್ಷಗಳಲ್ಲಿ, ಯಾವುದಕ್ಕೆ ಹೋಲಿಸಿದಾಗ, ಎಷ್ಟು ಬದಲಾಗಬೇಕು. ಈ ವಾಕ್ಯ ಬರೆಯಲಾಗದಿದ್ದರೆ ಎರಡನೆಯ ಹಂತಕ್ಕೆ ಹೋಗಬೇಡಿ.

ಹಂತ 2: ದತ್ತಾಂಶವನ್ನು ಜೋಡಿಸಿ, ಅದರ ಸ್ವಭಾವವನ್ನು ಅರಿಯಿರಿ

ಬೇಕಾದ ದತ್ತಾಂಶದ ಬಹುಪಾಲು ಸರ್ಕಾರದ ಬಳಿಯೇ ಇರುತ್ತದೆ, ಆದರೆ ಬೇರೆ ಬೇರೆ ಇಲಾಖೆಗಳಲ್ಲಿ ಹಂಚಿಹೋಗಿರುತ್ತದೆ. ಕಾರ್ಖಾನೆಗಳ ವಾರ್ಷಿಕ ಸಮೀಕ್ಷೆ, ತೆರಿಗೆ ವಿವರಪಟ್ಟಿಗಳು, ಕಸ್ಟಮ್ಸ್ ದಾಖಲೆಗಳು, ವಿದ್ಯುತ್ ಬಳಕೆ, ನೌಕರರ ಭವಿಷ್ಯನಿಧಿ ಅಥವಾ ಸಾಮಾಜಿಕ ವಿಮೆಯ ದಾಖಲೆ, ಪೇಟೆಂಟ್ ಅರ್ಜಿಗಳು, ಇಷ್ಟನ್ನು ಒಂದೇ ಗುರುತಿನ ಸಂಖ್ಯೆಯಡಿ ಜೋಡಿಸಿದರೆ ಬಹುತೇಕ ಪ್ರಶ್ನೆಗಳಿಗೆ ಸಾಕಾಗುವಷ್ಟು ಸಾಮಗ್ರಿ ಸಿಗುತ್ತದೆ. ಒಂದು ವರ್ಷದ ಚಿತ್ರಕ್ಕಿಂತ ಅದೇ ಘಟಕಗಳನ್ನು ಹಲವು ವರ್ಷ ಹಿಂಬಾಲಿಸುವ ದತ್ತಾಂಶ ಹೆಚ್ಚು ಬೆಲೆಯುಳ್ಳದ್ದು. ಗೋಪ್ಯತೆಗಾಗಿ ಹೆಸರುಗಳನ್ನು ತೆಗೆದು ಸಂಕೇತ ಸಂಖ್ಯೆಗಳನ್ನು ಕೊಡಬೇಕು. ಮೂಲ ಕಡತಗಳು ಸುರಕ್ಷಿತ ಕಂಪ್ಯೂಟರ್‌ಗಳನ್ನು ಬಿಟ್ಟು ಹೊರಹೋಗಬಾರದು.

ತಪ್ಪುಗಳು ನುಸುಳುವುದು ಹೆಚ್ಚಾಗಿ ವರ್ಗೀಕರಣದಲ್ಲಿ. ಅಂತರರಾಷ್ಟ್ರೀಯ ವ್ಯಾಪಾರದ ಸರಕುಗಳನ್ನು ವಿಶ್ವ ಕಸ್ಟಮ್ಸ್ ಸಂಸ್ಥೆಯ ಹಾರ್ಮೊನೈಸ್ಡ್ ಸಿಸ್ಟಮ್ ಎಂಬ ಪದ್ಧತಿಯ ಆರು ಅಂಕಿಗಳ ಕೋಡ್‌ಗಳಲ್ಲಿ ದಾಖಲಿಸುತ್ತಾರೆ. ಕೈಗಾರಿಕೆಗಳನ್ನು ವಿಂಗಡಿಸುವ ಪಟ್ಟಿ ಬೇರೆಯೇ ಇರುತ್ತದೆ. ಎರಡನ್ನೂ ಹೊಂದಿಸುವ ಕೋಷ್ಟಕಗಳಲ್ಲಿ ಒಂದಕ್ಕೆ ಹಲವು, ಹಲವಕ್ಕೆ ಒಂದು ಎಂಬ ಗೋಜಲುಗಳಿರುತ್ತವೆ. ಸಾಲದೆಂಬಂತೆ ಕೋಡ್‌ಗಳೇ ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತವೆ. ಸೌರ ವಿದ್ಯುತ್ತಿನ ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 2022ರ ಪರಿಷ್ಕರಣೆಗೆ ಮೊದಲು ಸೌರಕೋಶ, ಸೌರಫಲಕ ಮತ್ತು ಎಲ್‌ಇಡಿ ಮೂರೂ 8541.40 ಎಂಬ ಒಂದೇ ಕೋಡ್‌ನಡಿ ಇದ್ದವು. 2022ರಲ್ಲಿ ಎಲ್‌ಇಡಿಗಳಿಗೆ 8541.41, ಬಿಡಿ ಸೌರಕೋಶಗಳಿಗೆ 8541.42, ಜೋಡಿಸಿದ ಫಲಕಗಳಿಗೆ 8541.43 ಎಂದು ಪ್ರತ್ಯೇಕ ಕೋಡ್‌ಗಳು ಬಂದವು. ಇದನ್ನು ಗಮನಿಸದೆ 2018ರಿಂದ 2024ರವರೆಗಿನ ಆಮದಿನ ರೇಖೆ ಎಳೆದರೆ, ಯಾವ ನೀತಿಯ ಕಾರಣವೂ ಇಲ್ಲದೆ ಒಂದು ಸರಕು 2022ರಲ್ಲಿ ಏಕಾಏಕಿ ಕುಸಿದಂತೆಯೂ ಇನ್ನೊಂದು ಶೂನ್ಯದಿಂದ ಹುಟ್ಟಿ ಬಂದಂತೆಯೂ ತೋರುತ್ತದೆ. ಆ ಕುಸಿತವನ್ನು ಅದೇ ವರ್ಷ ಜಾರಿಯಾದ ಸುಂಕದ ಯಶಸ್ಸೆಂದು ಬರೆದುಬಿಡುವುದು ಎಷ್ಟು ಸುಲಭವೆಂದು ಊಹಿಸಿಕೊಳ್ಳಿ. ಇಂಥಲ್ಲಿ ರಾಷ್ಟ್ರಮಟ್ಟದ ಎಂಟು ಅಂಕಿಗಳ ಅಥವಾ ಅದಕ್ಕೂ ಸೂಕ್ಷ್ಮವಾದ ಕೋಡ್‌ಗಳಿಗೆ ಇಳಿದು ಹಿಂದಿನ ವರ್ಷಗಳನ್ನು ಹೊಂದಿಸಿಕೊಳ್ಳಬೇಕು. ಅದು ಸಾಧ್ಯವಾಗದಿದ್ದರೆ ಆ ಸರಣಿಯನ್ನು 2022ರಲ್ಲಿ ಕಡಿದು ಎರಡು ಭಾಗಗಳಾಗಿಯೇ ಓದಬೇಕು.

ಬೆಲೆಯ ವಿಷಯವೂ ಅಷ್ಟೇ ಮುಖ್ಯ. ಉಕ್ಕಿನ ಬೆಲೆ ಏರಿದ ವರ್ಷದಲ್ಲಿ ಉಕ್ಕು ಕಾರ್ಖಾನೆಗಳ ವಹಿವಾಟು ತಾನಾಗಿಯೇ ಏರುತ್ತದೆ. ಅದು ಉತ್ಪಾದನೆಯ ಏರಿಕೆಯಲ್ಲ. ಆದ್ದರಿಂದ ಹುಟ್ಟುವಳಿಯನ್ನೂ (ತಯಾರಾದ ಸರಕು) ಹೂಡುವಳಿಯನ್ನೂ (ತಯಾರಿಕೆಗೆ ಬಳಸಿದ ಸಾಮಗ್ರಿ) ಅವುಗಳದೇ ಬೆಲೆ ಸೂಚ್ಯಂಕಗಳಿಂದ ಬೇರೆ ಬೇರೆಯಾಗಿ ಸ್ಥಿರ ಬೆಲೆಗೆ ಇಳಿಸಬೇಕು. ಮುಚ್ಚಿಹೋದ ಘಟಕಗಳನ್ನು ದತ್ತಾಂಶದಿಂದ ಕೈಬಿಡಬಾರದು. ಉಳಿದುಕೊಂಡವರನ್ನು ಮಾತ್ರ ನೋಡಿದರೆ ಪ್ರತಿಯೊಂದು ನೀತಿಯೂ ಯಶಸ್ವಿಯಾದಂತೆ ಕಾಣುತ್ತದೆ.

ಗಾತ್ರದ ಮಿತಿಗಳ ಬಳಿ ಏನಾಗುತ್ತಿದೆ ಎಂದೂ ನೋಡಿ. ಫ್ರಾನ್ಸಿನಲ್ಲಿ 50 ಕಾರ್ಮಿಕರನ್ನು ತಲುಪಿದ ಸಂಸ್ಥೆಗೆ ಹಲವು ಹೊಸ ಕಾನೂನು ಬಾಧ್ಯತೆಗಳು ಅನ್ವಯಿಸುತ್ತವೆ. ಆ ದೇಶದ ದತ್ತಾಂಶದಲ್ಲಿ 49 ಕಾರ್ಮಿಕರಿರುವ ಸಂಸ್ಥೆಗಳು ಗುಂಪುಗೂಡಿ, 50 ದಾಟುತ್ತಿದ್ದಂತೆ ಸಂಖ್ಯೆ ಥಟ್ಟನೆ ಇಳಿಯುವುದನ್ನು ಅರ್ಥಶಾಸ್ತ್ರಜ್ಞರು ದಾಖಲಿಸಿದ್ದಾರೆ. ನೀವು ರೂಪಿಸುವ ಯೋಜನೆಯ ಅರ್ಹತಾ ಮಿತಿಯೂ ಇಂಥದೇ ಗುಂಪುಗೂಡುವಿಕೆಯನ್ನು ಹುಟ್ಟುಹಾಕಬಹುದು.

ಹಂತ 3: ಒಟ್ಟು ಮೌಲ್ಯವನ್ನಲ್ಲ, ಸೇರಿಸಿದ ಮೌಲ್ಯವನ್ನು ನೋಡಿ

2009ರಲ್ಲಿ ಚೀನಾದಲ್ಲಿ ಜೋಡಣೆಯಾಗಿ ಹೊರಡುತ್ತಿದ್ದ ಒಂದು ಐಫೋನ್ 3ಜಿಯ ತಯಾರಿಕಾ ವೆಚ್ಚ ಸುಮಾರು 179 ಡಾಲರ್ ಎಂದು ಅಂದಾಜಿಸಲಾಗಿತ್ತು. ಅದರಲ್ಲಿ ಜೋಡಣೆಯ ಪಾಲು ಕೇವಲ 6.50 ಡಾಲರ್, ಅಂದರೆ ಶೇ 4ಕ್ಕೂ ಕಡಿಮೆ. ಉಳಿದದ್ದು ಜಪಾನ್, ದಕ್ಷಿಣ ಕೊರಿಯಾ, ಜರ್ಮನಿ, ಅಮೆರಿಕಗಳಿಂದ ಬಂದ ಬಿಡಿಭಾಗಗಳ ಬೆಲೆ. ರಫ್ತಿನ ಅಂಕಿಯಲ್ಲಿ ಮಾತ್ರ ಪೂರ್ತಿ ಮೊತ್ತವೇ ಚೀನಾದ ಹೆಸರಿನಲ್ಲಿ ಬರೆಯಲ್ಪಡುತ್ತಿತ್ತು. ಮಾರಾಟದ ಮೊತ್ತದ ಮೇಲೆ ಶೇಕಡಾವಾರು ಪ್ರೋತ್ಸಾಹಧನ ಕೊಡುವ ಯಾವುದೇ ಯೋಜನೆಯನ್ನು ಪರಿಶೀಲಿಸುವಾಗ ಈ ಲೆಕ್ಕವನ್ನು ಎದುರಿಗಿಟ್ಟುಕೊಳ್ಳಬೇಕು: ಸೇರಿಸಿದ ಮೌಲ್ಯ, ಅಂದರೆ ಕೊಂಡ ಸಾಮಗ್ರಿಯ ಬೆಲೆ ಕಳೆದು ಉಳಿಯುವ ಮೌಲ್ಯ, ಶೇ 4 ಇದ್ದು ಪ್ರೋತ್ಸಾಹಧನವೂ ಮಾರಾಟದ ಶೇ 4 ಆಗಿದ್ದರೆ, ಸರ್ಕಾರ ಜೋಡಣೆಯ ಇಡೀ ಮೌಲ್ಯವನ್ನೇ ಕೊಟ್ಟಂತಾಗುತ್ತದೆ. ಜೋಡಣೆಯಿಂದ ಆರಂಭಿಸಿ ಮೇಲೇರಿದ ದೇಶಗಳಿವೆ ಎಂಬುದು ನಿಜ. ಆ ಏರಿಕೆ ನಡೆಯುತ್ತಿದೆಯೇ ಎಂದು ತಿಳಿಯಲು ವರ್ಷ ವರ್ಷವೂ ಅಳೆಯಬೇಕಾದದ್ದು ದೇಶದೊಳಗೆ ಸೇರುವ ಮೌಲ್ಯದ ಪಾಲನ್ನೇ.

ವಲಯಗಳ ನಡುವಿನ ಸಂಬಂಧ ತಿಳಿಯಲು ಹೂಡುವಳಿ–ಹುಟ್ಟುವಳಿ ಕೋಷ್ಟಕ ಬೇಕು. ಈ ವಿಧಾನವನ್ನು ಬೆಳೆಸಿದ ವಾಸಿಲಿ ಲಿಯಾಂಟಿಫ್ ಅವರಿಗೆ 1973ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಕೋಷ್ಟಕದ ಅಡ್ಡಸಾಲನ್ನು ಓದಿದರೆ ಒಂದು ವಲಯದ ಸರಕನ್ನು ಯಾರೆಲ್ಲ ಬಳಸುತ್ತಾರೆಂದೂ, ಕಂಬಸಾಲನ್ನು ಓದಿದರೆ ಆ ವಲಯ ಯಾರಿಂದೆಲ್ಲ ಕೊಳ್ಳುತ್ತದೆಂದೂ ತಿಳಿಯುತ್ತದೆ. ಮುಂದಿನ ವಲಯಗಳಿಗೆ ಅಗ್ಗದ, ಉತ್ತಮ ಸಾಮಗ್ರಿ ಒದಗಿಸುವ ಕೈಗಾರಿಕೆಗೆ ಕೊಟ್ಟ ಬೆಂಬಲ ಹಲವು ಕಡೆ ಹರಡುತ್ತದೆ. ಮುಂದಿನ ವಲಯಗಳಿಗೆ ಸಾಮಗ್ರಿಯನ್ನು ತುಟ್ಟಿಯಾಗಿಸುವ ಸುಂಕವೂ ಅದೇ ದಾರಿಯಲ್ಲಿ ಹರಡುತ್ತದೆ. ಒಂದು ಎಚ್ಚರಿಕೆ: "ಒಂದು ನೇರ ಉದ್ಯೋಗಕ್ಕೆ ಇಷ್ಟು ಪರೋಕ್ಷ ಉದ್ಯೋಗ" ಎಂಬ ಗುಣಕಗಳು ಇದೇ ಕೋಷ್ಟಕದಿಂದ ಹುಟ್ಟುತ್ತವೆ. ಕಾರ್ಮಿಕರೂ ಬಂಡವಾಳವೂ ಎಲ್ಲಿಂದಲೂ ಕಿತ್ತು ತರಬೇಕಾಗಿಲ್ಲ, ಬೆಲೆಗಳು ಬದಲಾಗುವುದಿಲ್ಲ ಎಂದು ಅವು ಭಾವಿಸುತ್ತವೆ. ಪ್ರಸ್ತಾವನೆಗಳಲ್ಲಿನ ಪರೋಕ್ಷ ಉದ್ಯೋಗದ ಅಂಕಿಯನ್ನು ಪ್ರತ್ಯೇಕ ಸಾಕ್ಷ್ಯವಿಲ್ಲದೆ ಲೆಕ್ಕಕ್ಕೆ ಸೇರಿಸಬೇಡಿ.

ತೌಲನಿಕ ಅನುಕೂಲದ ಸೂಚ್ಯಂಕವನ್ನೂ ಇದೇ ಎಚ್ಚರದಿಂದ ಬಳಸಬೇಕು. ಬೇಲಾ ಬಾಲಾಸ್ಸಾ 1965ರಲ್ಲಿ ಪ್ರಚಾರಕ್ಕೆ ತಂದ ಈ ಅಳತೆ, ಒಂದು ದೇಶದ ರಫ್ತಿನಲ್ಲಿ ಒಂದು ಸರಕಿನ ಪಾಲನ್ನು ವಿಶ್ವದ ರಫ್ತಿನಲ್ಲಿ ಅದೇ ಸರಕಿನ ಪಾಲಿನಿಂದ ಭಾಗಿಸುತ್ತದೆ. ಫಲ 1ಕ್ಕಿಂತ ಹೆಚ್ಚಿದ್ದರೆ ಆ ಸರಕಿನಲ್ಲಿ ದೇಶಕ್ಕೆ ಅನುಕೂಲವಿದೆ ಎನ್ನುತ್ತಾರೆ. ಆದರೆ ಈಗಾಗಲೇ ಕೊಡುತ್ತಿರುವ ಸಬ್ಸಿಡಿಯ ಪ್ರಭಾವವೂ ಆ ಅಂಕಿಯೊಳಗೆ ಸೇರಿಕೊಂಡಿರುತ್ತದೆ, ಮತ್ತು ಅದು ಹೇಳುವುದು ನಿನ್ನೆಯ ಸಾಮರ್ಥ್ಯವನ್ನು.

ಹಂತ 4: ಉತ್ಪಾದಕತೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ಪತ್ತೆಮಾಡಿ

ಒಂದೇ ವಲಯದ ಘಟಕಗಳ ನಡುವೆ ಉತ್ಪಾದಕತೆಯ, ಅಂದರೆ ಅಷ್ಟೇ ಬಂಡವಾಳ ಮತ್ತು ಶ್ರಮದಿಂದ ಸಿಗುವ ಉತ್ಪನ್ನದ, ಅಂತರ ಎಷ್ಟಿದೆ ಎಂದು ಲೆಕ್ಕ ಹಾಕಿ. ಚಾಂಗ್-ತಾಯ್ ಷೇ ಮತ್ತು ಪೀಟರ್ ಕ್ಲೆನೋ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಂಡವಾಳ ಮತ್ತು ಶ್ರಮ ಅಮೆರಿಕದಲ್ಲಿರುವಷ್ಟರ ಮಟ್ಟಿಗಾದರೂ ಸರಿಯಾಗಿ ಹಂಚಿಕೆಯಾದರೆ ತಯಾರಿಕಾ ವಲಯದ ಒಟ್ಟು ಉತ್ಪಾದಕತೆ ಚೀನಾದಲ್ಲಿ ಶೇ 30ರಿಂದ 50ರಷ್ಟು, ಭಾರತದಲ್ಲಿ ಶೇ 40ರಿಂದ 60ರಷ್ಟು ಏರಬಹುದಾಗಿತ್ತು. ಇದರಲ್ಲಿ ಒಂದು ಭಾಗ ಅಳತೆಯ ದೋಷದಿಂದ ಬಂದಿರಬಹುದೆಂಬ ಚರ್ಚೆ ಅನಂತರ ನಡೆದಿದೆ. ಆದರೂ ಅಂತರ ದೊಡ್ಡದಿರುವ ವಲಯದಲ್ಲಿ ಹೊಸ ಕಾರ್ಖಾನೆಗೆ ಹಣ ಕೊಡುವುದಕ್ಕಿಂತ, ಒಳ್ಳೆಯ ಘಟಕಗಳು ಬೆಳೆಯದಂತೆ ತಡೆಯುತ್ತಿರುವ ನಿಯಮವನ್ನು ಸಡಿಲಿಸುವುದು ಅಗ್ಗದ ದಾರಿಯಾಗಿರುವ ಸಾಧ್ಯತೆ ಹೆಚ್ಚು.

ಹಂತ 5: ನೀತಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಉತ್ತರ ಕಟ್ಟಿ

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಸಬ್ಸಿಡಿ ಪಡೆದ ಘಟಕಗಳು ಪಡೆಯದವಕ್ಕಿಂತ ವೇಗವಾಗಿ ಬೆಳೆದವು ಎಂಬ ಮಾತಿನಿಂದ ಏನೂ ಸಿದ್ಧವಾಗುವುದಿಲ್ಲ. ಬೆಳೆಯುವ ಘಟಕಗಳೇ ಅರ್ಜಿ ಹಾಕುತ್ತವೆ, ಅರ್ಜಿ ಬರೆಸಲು ಸಲಹೆಗಾರರನ್ನು ಇಟ್ಟುಕೊಳ್ಳುವ ಶಕ್ತಿ ಅವುಗಳಿಗೇ ಇರುತ್ತದೆ. ಇದರ ವಿರುದ್ಧವೂ ಸಂಭವಿಸುತ್ತದೆ: ಕಷ್ಟದಲ್ಲಿರುವ ವಲಯಕ್ಕೆ ನೆರವು ಕೊಟ್ಟರೆ, ನೆರವು ಹಾನಿ ಮಾಡಿದಂತೆ ಅಂಕಿಗಳು ತೋರಿಸುತ್ತವೆ.

ಒಳ್ಳೆಯ ಹೋಲಿಕೆ ಹೇಗಿರಬೇಕೆಂಬುದಕ್ಕೆ ಬ್ರಿಟನ್ನಿನ ಒಂದು ಅಧ್ಯಯನ ಮಾದರಿಯಾಗಿದೆ. ಹಿಂದುಳಿದ ಪ್ರದೇಶಗಳಲ್ಲಿ ಹೂಡಿಕೆ ಮಾಡುವ ತಯಾರಕರಿಗೆ ಅಲ್ಲಿ ಸಬ್ಸಿಡಿ ಕೊಡುವ ಯೋಜನೆಯಿತ್ತು. ಯಾವ ಪ್ರದೇಶ ಅರ್ಹ, ಗರಿಷ್ಠ ಸಬ್ಸಿಡಿ ಎಷ್ಟು ಎಂಬುದನ್ನು ಐರೋಪ್ಯ ಒಕ್ಕೂಟದ ನಿಯಮಗಳು ನಿರ್ಧರಿಸುತ್ತಿದ್ದವು, ಮತ್ತು ಆ ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತಿದ್ದವು. ಒಂದು ಪ್ರದೇಶ ತನ್ನಲ್ಲಿ ಏನೂ ಬದಲಾಗದಿದ್ದರೂ ಒಕ್ಕೂಟದ ಸೂತ್ರ ಬದಲಾದ ಕಾರಣಕ್ಕೆ ಅರ್ಹವಾಗುತ್ತಿತ್ತು ಅಥವಾ ಅನರ್ಹವಾಗುತ್ತಿತ್ತು. ಕ್ರಿಸ್ಕುವೋಲೋ, ಮಾರ್ಟಿನ್, ಓವರ್‌ಮನ್ ಮತ್ತು ವ್ಯಾನ್ ರೀನನ್ ಈ ಬದಲಾವಣೆಯನ್ನೇ ಬಳಸಿಕೊಂಡು 2019ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಗರಿಷ್ಠ ಸಬ್ಸಿಡಿ ದರ 10 ಶೇಕಡಾ ಅಂಶಗಳಷ್ಟು ಏರಿದಾಗ ತಯಾರಿಕಾ ಉದ್ಯೋಗ ಸುಮಾರು ಶೇ 10ರಷ್ಟು ಹೆಚ್ಚಿತು. ಆದರೆ ಈ ಪರಿಣಾಮ ಕಂಡದ್ದು ಸಣ್ಣ ಸಂಸ್ಥೆಗಳಲ್ಲಿ ಮಾತ್ರ. ದೊಡ್ಡ ಸಂಸ್ಥೆಗಳು ಹಣ ಪಡೆದವು, ಚಟುವಟಿಕೆ ಹೆಚ್ಚಿಸಲಿಲ್ಲ. ಒಟ್ಟು ಉತ್ಪಾದಕತೆಯ ಮೇಲೆ ಪರಿಣಾಮ ಕಾಣಲಿಲ್ಲ. ಒಂದೇ ಯೋಜನೆ, ಆದರೆ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು, ಯಾವ ಉದ್ದೇಶಕ್ಕೆ ಅದು ಸಾಲದು ಎಂಬ ಮೂರೂ ಪ್ರಶ್ನೆಗಳಿಗೆ ಅದರಿಂದ ಉತ್ತರ ಸಿಕ್ಕಿತು. ಸರಾಸರಿ ಪರಿಣಾಮವನ್ನಷ್ಟೇ ಹುಡುಕಿ ನಿಲ್ಲಿಸಿದ್ದರೆ ಇದರಲ್ಲಿ ಅರ್ಧವೂ ತಿಳಿಯುತ್ತಿರಲಿಲ್ಲ.

ಇತಿಹಾಸವೂ ಇಂಥ ಹೋಲಿಕೆಗಳನ್ನು ಒದಗಿಸುತ್ತದೆ. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಬ್ರಿಟಿಷ್ ಸರಕು ಫ್ರಾನ್ಸಿಗೆ ಬರುವುದು ಕಷ್ಟವಾದಾಗ, ಫ್ರಾನ್ಸಿನ ಉತ್ತರ ಭಾಗಕ್ಕೆ ದಕ್ಷಿಣಕ್ಕಿಂತ ಹೆಚ್ಚಿನ ರಕ್ಷಣೆ ಸಿಕ್ಕಿತು. ಹೆಚ್ಚು ರಕ್ಷಣೆ ಪಡೆದ ಪ್ರದೇಶಗಳಲ್ಲಿ ಯಂತ್ರದ ಹತ್ತಿ ನೂಲುವ ಸಾಮರ್ಥ್ಯ ಹೆಚ್ಚು ಬೆಳೆಯಿತು ಎಂದು ರೇಕಾ ಯುಹಾಸ್ 2018ರಲ್ಲಿ ತೋರಿಸಿದರು. ದಕ್ಷಿಣ ಕೊರಿಯಾ 1973ರಿಂದ 1979ರವರೆಗೆ ಉಕ್ಕು, ಹಡಗು, ಯಂತ್ರ, ಎಲೆಕ್ಟ್ರಾನಿಕ್ಸ್, ಪೆಟ್ರೋರಾಸಾಯನಿಕ ಮತ್ತು ಕಬ್ಬಿಣೇತರ ಲೋಹಗಳ ಕೈಗಾರಿಕೆಗಳಿಗೆ ಕೊಟ್ಟ ಒತ್ತನ್ನು ನೇಥನ್ ಲೇನ್ ಇದೇ ಬಗೆಯಲ್ಲಿ ಪರಿಶೀಲಿಸಿದರು. ಆಯ್ದ ಕೈಗಾರಿಕೆಗಳನ್ನು ಆಯ್ಕೆಯಾಗದವುಗಳೊಡನೆ, 1973ಕ್ಕೆ ಮೊದಲಿನ ವರ್ಷಗಳೂ ಸೇರಿದಂತೆ ಹೋಲಿಸಿದಾಗ, ಆಯ್ದವುಗಳ ಬೆಳವಣಿಗೆಯ ಜೊತೆಗೆ ಅವುಗಳಿಂದ ಸಾಮಗ್ರಿ ಕೊಳ್ಳುವ ಕೈಗಾರಿಕೆಗಳಿಗೂ ಲಾಭವಾದದ್ದು ಕಂಡುಬಂತು. ಇವನ್ನು ಎಲ್ಲ ದೇಶಕ್ಕೂ ಒಪ್ಪುವ ಪ್ರಮಾಣಪತ್ರವೆಂದು ಓದಬಾರದು. ಪ್ರಶ್ನೆಯನ್ನು ಹೇಗೆ ಕಟ್ಟಬೇಕೆಂಬುದಕ್ಕೆ ಇವು ಪಾಠ.

ಇಲಾಖೆಯ ಮಟ್ಟದಲ್ಲಿ ಮಾಡಬಹುದಾದದ್ದು ಇನ್ನೂ ಸರಳ. ಅರ್ಜಿಗಳಿಗೆ ಅಂಕ ಕೊಟ್ಟು ಒಂದು ಮಿತಿಗಿಂತ ಮೇಲಿನವರನ್ನು ಆರಿಸುವ ಪದ್ಧತಿಯಿದ್ದರೆ, ತಿರಸ್ಕೃತ ಅರ್ಜಿಗಳನ್ನೂ ಅವುಗಳ ಅಂಕಗಳನ್ನೂ ಕಡ್ಡಾಯವಾಗಿ ಕಾಪಾಡಿ. ಮಿತಿಗೆ ಸ್ವಲ್ಪ ಮೇಲಿದ್ದವರು ಮತ್ತು ಸ್ವಲ್ಪ ಕೆಳಗಿದ್ದವರು ಬಹುಮಟ್ಟಿಗೆ ಒಂದೇ ತೆರನಾದವರು. ಕೆಲವು ವರ್ಷಗಳ ನಂತರ ಅವರ ನಡುವೆ ಕಾಣುವ ಅಂತರವೇ ನೀತಿಯ ಪರಿಣಾಮಕ್ಕೆ ಹತ್ತಿರದ ಅಂದಾಜು. ಗೆದ್ದವರ ಕಡತಗಳು ವರ್ಷಗಟ್ಟಲೆ ಉಳಿದು ಸೋತವರ ಕಡತಗಳು ರದ್ದಿಗೆ ಹೋಗುವ ಕಚೇರಿಯಲ್ಲಿ ಮೌಲ್ಯಮಾಪನದ ಅತ್ಯುತ್ತಮ ಸಾಧನವೇ ನಾಶವಾಗುತ್ತದೆ. ಬಜೆಟ್ ಸಾಲದೆ ಯೋಜನೆಯನ್ನು ಜಿಲ್ಲೆಯಿಂದ ಜಿಲ್ಲೆಗೆ ಹಂತಹಂತವಾಗಿ ವಿಸ್ತರಿಸಬೇಕಾದಾಗ, ಯಾವ ಜಿಲ್ಲೆ ಮೊದಲು ಎಂಬುದನ್ನು ಸಾಧ್ಯವಾದಲ್ಲಿ ಚೀಟಿ ಎತ್ತಿ ನಿರ್ಧರಿಸಿ.

ಪರಿಶೀಲನೆಯ ವೇಳೆ ಕೆಲವು ಸಂಗತಿಗಳನ್ನು ತಪ್ಪದೆ ನೋಡಬೇಕು. ನೀತಿಗೆ ಮೊದಲಿನ ವರ್ಷಗಳಲ್ಲಿ ಎರಡೂ ಗುಂಪುಗಳು ಸಮಾನಾಂತರವಾಗಿ ಸಾಗುತ್ತಿದ್ದವೇ? ಹಂತಹಂತವಾಗಿ ಜಾರಿಯಾದ ಯೋಜನೆಯಾದರೆ, ಈಗಾಗಲೇ ಲಾಭ ಪಡೆದವರನ್ನೇ ಹೋಲಿಕೆಯ ಗುಂಪಾಗಿ ಬಳಸಿಬಿಡುವ ಹಳೆಯ ರಿಗ್ರೆಷನ್ (ಅಂಕಿಗಳ ನಡುವಿನ ಸಂಬಂಧವನ್ನು ಅಂದಾಜಿಸುವ) ಸೂತ್ರವನ್ನು ಬಿಟ್ಟು ಇತ್ತೀಚಿನ ವಿಧಾನಗಳನ್ನು ಬಳಸಲಾಗಿದೆಯೇ? ಪಕ್ಕದ ಪ್ರದೇಶದ ಉದ್ಯೋಗಗಳೇ ಇಲ್ಲಿಗೆ ಸ್ಥಳಾಂತರವಾಗಿವೆಯೇ? ಹಾಗಾಗಿದ್ದರೆ ಪಕ್ಕದ ಪ್ರದೇಶ ಹೋಲಿಕೆಗೆ ಯೋಗ್ಯವಲ್ಲ. ಅದರ ನಷ್ಟ ಇಲ್ಲಿನ ಲಾಭವನ್ನು ಎರಡರಷ್ಟು ಮಾಡಿ ತೋರಿಸುತ್ತದೆ.

ಹಂತ 6: ವೆಚ್ಚವನ್ನು ಪೂರ್ತಿಯಾಗಿ ಎಣಿಸಿ

ಬಜೆಟ್ಟಿನಲ್ಲಿ ಕಾಣುವ ಮೊತ್ತ ವೆಚ್ಚದ ಒಂದು ಭಾಗ ಮಾತ್ರ. ಬಿಟ್ಟುಕೊಟ್ಟ ತೆರಿಗೆ, ಮಾರುಕಟ್ಟೆ ದರಕ್ಕಿಂತ ಕಡಿಮೆಗೆ ಕೊಟ್ಟ ಭೂಮಿ ಮತ್ತು ವಿದ್ಯುತ್, ಸರ್ಕಾರ ಹೊತ್ತ ಸಾಲದ ಖಾತರಿ, ಆಡಳಿತದ ಖರ್ಚು, ಗ್ರಾಹಕರು ಮತ್ತು ಮುಂದಿನ ಕೈಗಾರಿಕೆಗಳು ತೆರುವ ಹೆಚ್ಚಿನ ಬೆಲೆ, ಇವೆಲ್ಲವೂ ಸೇರಬೇಕು.

ಕೊನೆಯದನ್ನು ಮರೆಯುವುದು ಅತಿ ಸಾಮಾನ್ಯ. ಅಮೆರಿಕ 2018ರಲ್ಲಿ ಆಮದಾಗುವ ಬಟ್ಟೆ ಒಗೆಯುವ ಯಂತ್ರಗಳ ಮೇಲೆ ಹೆಚ್ಚುವರಿ ಸುಂಕ ವಿಧಿಸಿತು. ಫ್ಲಾಯೆನ್, ಹೊರ್ತಾಚ್ಸು ಮತ್ತು ಟಿಂಟೆಲ್‌ನಾಟ್ ನಡೆಸಿದ ಅಧ್ಯಯನದ ಪ್ರಕಾರ ಸುಮಾರು 1,800 ಹೊಸ ಉದ್ಯೋಗಗಳು ಹುಟ್ಟಿದವು. ಆದರೆ ಗ್ರಾಹಕರ ಮೇಲೆ ವರ್ಷಕ್ಕೆ ಸುಮಾರು 150 ಕೋಟಿ ಡಾಲರ್ ಹೊರೆ ಬಿತ್ತು. ಸುಂಕದಿಂದ ಬಂದ ಆದಾಯವನ್ನು ಕಳೆದರೂ ಪ್ರತಿ ಉದ್ಯೋಗಕ್ಕೆ ವರ್ಷಕ್ಕೆ 8 ಲಕ್ಷ ಡಾಲರಿಗೂ ಹೆಚ್ಚು ವೆಚ್ಚವಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಸುಂಕವೇ ಇಲ್ಲದಿದ್ದ ಬಟ್ಟೆ ಒಣಗಿಸುವ ಯಂತ್ರಗಳ ಬೆಲೆಯೂ ಏರಿತು. ಅಲ್ಲಿ ಎರಡನ್ನೂ ಜೋಡಿಯಾಗಿ ಕೊಳ್ಳುವುದು ರೂಢಿ; ಮಾರಾಟಗಾರರು ಏರಿಕೆಯನ್ನು ಎರಡರ ಮೇಲೂ ಹಂಚಿದರು. ಸುಂಕ ಬಿದ್ದ ಸರಕಿನ ಬೆಲೆಯನ್ನಷ್ಟೇ ನೋಡಿದ್ದರೆ ಹೊರೆಯ ಒಂದು ದೊಡ್ಡ ಭಾಗ ಲೆಕ್ಕದಿಂದ ತಪ್ಪಿಹೋಗುತ್ತಿತ್ತು.

ಉದ್ಯೋಗವೊಂದಕ್ಕೆ ತಗಲುವ ವೆಚ್ಚವನ್ನು ಲೆಕ್ಕ ಹಾಕುವ ರೀತಿಯನ್ನು ಊಹೆಯ ಅಂಕಿಗಳಲ್ಲಿ ತೋರಿಸುತ್ತೇನೆ. 50 ಕೋಟಿ ನೆರವಿನಿಂದ 1,000 ಉದ್ಯೋಗ ಎಂದು ಪ್ರಸ್ತಾವನೆ ಹೇಳುತ್ತದೆ. ಅಂದರೆ ಉದ್ಯೋಗಕ್ಕೆ 5 ಲಕ್ಷ. ಐದನೆಯ ಹಂತದ ವಿಶ್ಲೇಷಣೆಯಿಂದ 600 ಉದ್ಯೋಗಗಳು ನೆರವಿಲ್ಲದೆಯೂ ಬರುತ್ತಿದ್ದವು ಎಂದು ತಿಳಿದರೆ ಉಳಿಯುವುದು 400. ಅವುಗಳಲ್ಲಿ 150 ಪಕ್ಕದ ಪ್ರದೇಶದಿಂದ ಸ್ಥಳಾಂತರವಾದವು. ನಿವ್ವಳ ಸೇರ್ಪಡೆ 250. ಈಗ ಉದ್ಯೋಗಕ್ಕೆ 20 ಲಕ್ಷ. ಯೋಜನೆ ಅದೇ, ವೆಚ್ಚ ನಾಲ್ಕು ಪಟ್ಟು. 20 ಲಕ್ಷವೂ ಸಮರ್ಥನೀಯವಾಗಿರಬಹುದು, ಆದರೆ ತೀರ್ಮಾನ ಮಾಡುವವರಿಗೆ 5 ಲಕ್ಷವೆಂದು ಹೇಳಿ ಸಹಿ ಹಾಕಿಸುವುದು ಸರಿಯಲ್ಲ.

ಎಳೆಯ ಕೈಗಾರಿಕೆಗೆ ರಕ್ಷಣೆ ಕೊಡುವ ವಾದಕ್ಕೆ ಹಳೆಯದಾದರೂ ಗಟ್ಟಿಯಾದ ಎರಡು ಪರೀಕ್ಷೆಗಳಿವೆ. ಜಾನ್ ಸ್ಟುವರ್ಟ್ ಮಿಲ್ ಅವರ ಪರೀಕ್ಷೆಯಂತೆ ಆ ಕೈಗಾರಿಕೆ ಕಾಲಕ್ರಮೇಣ ರಕ್ಷಣೆಯಿಲ್ಲದೆ ನಿಲ್ಲುವಂತಾಗಬೇಕು. ಅರ್ಥಶಾಸ್ತ್ರಜ್ಞ ಬ್ಯಾಸ್ಟೆಬಲ್ ಸೇರಿಸಿದ ಪರೀಕ್ಷೆಯಂತೆ ಮುಂದೆ ಬರುವ ಲಾಭದ ಇಂದಿನ ಮೌಲ್ಯ ರಕ್ಷಣೆಯ ಕಾಲದ ನಷ್ಟಕ್ಕಿಂತ ಹೆಚ್ಚಿರಬೇಕು. ಮುಂದೆ ಬರುವ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸಲು ವರ್ಷ ವರ್ಷಕ್ಕೂ ಕಡಿತಗೊಳಿಸುವ ದರವನ್ನು ಮುಚ್ಚಿಡದೆ ಹೇಳಿ. ಬ್ರಿಟನ್ನಿನ ಖಜಾನೆ ಇಲಾಖೆ ಸಾರ್ವಜನಿಕ ಯೋಜನೆಗಳಿಗೆ ಬಹುಕಾಲ ಬಳಸಿರುವ ಮೂಲ ದರ ಶೇ 3.5. ಆ ದರವನ್ನು ಮೇಲೆ ಕೆಳಗೆ ಮಾಡಿದಾಗ ತೀರ್ಮಾನವೇ ಬದಲಾಗುವುದಾದರೆ ಅದನ್ನೂ ಬರೆಯಿರಿ.

ಹಂತ 7: ಬೆಂಬಲದ ರೂಪವನ್ನು ದತ್ತಾಂಶದಿಂದ ಆರಿಸಿ

ಬೆಂಬಲ ಕೊಡಬೇಕೆಂದು ನಿಶ್ಚಯವಾದ ಮೇಲೂ ಯಾವ ರೂಪದಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ. ಚೀನಾ 2006ರಿಂದ ಹಡಗು ನಿರ್ಮಾಣಕ್ಕೆ ಕೊಟ್ಟ ಭಾರಿ ಬೆಂಬಲವನ್ನು ಪರಿಶೀಲಿಸಿದ ಬಾರ್ವಿಕ್, ಕಲೂಪ್ಟ್‌ಸಿಡಿ ಮತ್ತು ಜಾಹುರ್, ಹೊಸ ಕಾರ್ಖಾನೆ ತೆರೆಯಲು ಕೊಟ್ಟ ನೆರವು ಹೆಚ್ಚು ವ್ಯರ್ಥವಾದದ್ದನ್ನು ಕಂಡರು. ಅದು ಸಣ್ಣ, ಅದಕ್ಷ ಘಟಕಗಳನ್ನು ಹೆಚ್ಚಿಸಿ ಸಾಮರ್ಥ್ಯ ಖಾಲಿ ಬೀಳುವಂತೆ ಮಾಡಿತು. ಉತ್ಪಾದನೆ ಮತ್ತು ಹೂಡಿಕೆಗೆ ಕೊಟ್ಟ ನೆರವು ಅದಕ್ಕಿಂತ ಮೇಲಾಗಿತ್ತು. ಬೇಡಿಕೆ ತಗ್ಗಿದ ಕಾಲದಲ್ಲಿ ಕೊಟ್ಟ ನೆರವು ಉಚ್ಛ್ರಾಯದ ಕಾಲದಲ್ಲಿ ಕೊಟ್ಟದ್ದಕ್ಕಿಂತ ಕಡಿಮೆ ಪೋಲಾಯಿತು ಎಂಬುದು ಅವರ ಇನ್ನೊಂದು ತೀರ್ಮಾನ.

ಕಾನೂನಿನ ಮಿತಿಗಳನ್ನೂ ಮೊದಲೇ ನೋಡಿಕೊಳ್ಳಿ. ವಿಶ್ವ ವ್ಯಾಪಾರ ಸಂಘಟನೆಯ ಸಬ್ಸಿಡಿ ಒಪ್ಪಂದ 1995ರಿಂದ ಜಾರಿಯಲ್ಲಿದ್ದು, ರಫ್ತಿನ ಷರತ್ತಿನ ಮೇಲೆ ಕೊಡುವ ಸಬ್ಸಿಡಿಯನ್ನೂ ಆಮದು ಸಾಮಗ್ರಿಯ ಬದಲು ದೇಶೀಯ ಸಾಮಗ್ರಿ ಬಳಸಬೇಕೆಂಬ ಷರತ್ತಿನ ಸಬ್ಸಿಡಿಯನ್ನೂ ಸಾಮಾನ್ಯವಾಗಿ ನಿಷೇಧಿಸುತ್ತದೆ. ಅತಿ ಬಡ ರಾಷ್ಟ್ರಗಳಿಗೆ ರಫ್ತು ಸಬ್ಸಿಡಿಯ ವಿಷಯದಲ್ಲಿ ವಿನಾಯಿತಿ ಇದೆ. 1970ರ ದಶಕದ ಕೊರಿಯಾ ಬಳಸಿದ ಸಾಧನಗಳೆಲ್ಲ ಇಂದು ಎಲ್ಲರಿಗೂ ಲಭ್ಯವಿಲ್ಲ.

ನೆರವಿನ ಆದೇಶದಲ್ಲಿಯೇ ಮುಕ್ತಾಯದ ಷರತ್ತನ್ನು ಅಂಕಿಗಳಲ್ಲಿ ಬರೆಯಬೇಕು. ಯಾವ ವರ್ಷದೊಳಗೆ ಯಾವ ಅಳತೆ ಎಲ್ಲಿಗೆ ತಲುಪದಿದ್ದರೆ ನೆರವು ನಿಲ್ಲುತ್ತದೆ, ಮುಂದುವರಿಸಬೇಕಾದರೆ ಯಾರು ಹೊಸದಾಗಿ ಆದೇಶ ಹೊರಡಿಸಬೇಕು ಎಂಬುದು ಸ್ಪಷ್ಟವಿರಲಿ. ನಿಲ್ಲಿಸಲು ಆದೇಶ ಬೇಕಾದ ಯೋಜನೆ ನಿಲ್ಲುವುದು ಅಪರೂಪ.

ಹಂತ 8: ಜಾರಿಯ ಕಾಲದ ಅಳತೆ

ನೆರವು ಆರಂಭವಾಗುವ ಮೊದಲಿನ ಸ್ಥಿತಿಯನ್ನು ಫಲಾನುಭವಿಗಳಿಗೂ ಹೋಲಿಕೆಯ ಗುಂಪಿಗೂ ದಾಖಲಿಸಿ. ಮೌಲ್ಯಮಾಪನದಲ್ಲಿ ಯಾವ ಅಳತೆ, ಯಾವ ವಿಧಾನ ಬಳಸಲಾಗುವುದೆಂದು ಮುಂಚಿತವಾಗಿ ಬರೆದು ಪ್ರಕಟಿಸಿ. ಫಲಿತಾಂಶ ಬಂದ ಮೇಲೆ ಅನುಕೂಲದ ಅಳತೆಯನ್ನು ಆರಿಸಿಕೊಳ್ಳುವ ದಾರಿ ಇದರಿಂದ ಮುಚ್ಚುತ್ತದೆ. ನಿಗಾ ಇಡುವ ಅಳತೆ ಮತ್ತು ಹಣ ಬಿಡುಗಡೆಗೆ ಷರತ್ತಾದ ಅಳತೆ ಪೂರ್ತಿ ಒಂದೇ ಆಗಿರಬಾರದು, ಏಕೆಂದರೆ ಹಣ ಯಾವ ಅಂಕಿಗೆ ಕಟ್ಟಲ್ಪಟ್ಟಿದೆಯೋ ಆ ಅಂಕಿಯನ್ನು ತಿದ್ದುವ ಒತ್ತಡ ಸಹಜವಾಗಿಯೇ ಬರುತ್ತದೆ. ಘಟಕ ವರದಿ ಮಾಡಿದ ಉತ್ಪಾದನೆಯನ್ನು ಅದರ ವಿದ್ಯುತ್ ಬಳಕೆ ಮತ್ತು ತೆರಿಗೆ ದಾಖಲೆಯೊಡನೆ ತಾಳೆ ನೋಡಿ. ಯೋಜನೆ ನಡೆಸುವ ವಿಭಾಗವೇ ಅದರ ಮೌಲ್ಯಮಾಪನ ಮಾಡಬಾರದು.

ಹಂತ 9: ತೀರ್ಮಾನ ಮಾಡುವವರ ಮುಂದೆ ಇಡುವುದು

ಸಚಿವರಿಗೋ ಸಮಿತಿಗೋ ಹೋಗುವ ಟಿಪ್ಪಣಿ ಎರಡು ಪುಟ ಮೀರಬಾರದು, ವಿವರಗಳು ಅನುಬಂಧದಲ್ಲಿರಲಿ. ಒಂದೇ ಅಂಕಿಯ ಬದಲು ವ್ಯಾಪ್ತಿ ಕೊಡಿ: "ನಿವ್ವಳ ಉದ್ಯೋಗ 150ರಿಂದ 350, ಹೆಚ್ಚು ಸಂಭವನೀಯ ಅಂದಾಜು 250" ಎಂಬಂತೆ. ಯಾವ ಊಹೆ ತಪ್ಪಾದರೆ ಇಡೀ ಶಿಫಾರಸು ಬೀಳುತ್ತದೆ ಎಂಬುದನ್ನು ಮೊದಲ ಪುಟದಲ್ಲಿಯೇ ಬರೆಯಿರಿ. ಏನೂ ಮಾಡದಿರುವ ಆಯ್ಕೆಯೂ ಸೇರಿ ಕನಿಷ್ಠ ಮೂರು ಆಯ್ಕೆಗಳು ಅದರಲ್ಲಿರಬೇಕು, ಮತ್ತು ಮೂರಕ್ಕೂ ಒಂದೇ ಬಗೆಯ ಲೆಕ್ಕ ಇರಬೇಕು. ಒಂದು ಆಯ್ಕೆಗೆ ವಿಸ್ತಾರವಾದ ಲೆಕ್ಕ ಕೊಟ್ಟು ಉಳಿದವನ್ನು ಒಂದೊಂದು ಸಾಲಿನಲ್ಲಿ ಮುಗಿಸುವ ಟಿಪ್ಪಣಿ ತೀರ್ಮಾನವನ್ನು ಮೊದಲೇ ಮಾಡಿ ಬಂದದ್ದೆಂದು ಓದುವವರಿಗೆ ತಿಳಿಯುತ್ತದೆ.

ಪ್ರಾದೇಶಿಕ ಸಮತೋಲನ, ರಾಷ್ಟ್ರೀಯ ಭದ್ರತೆ, ಸಂಕಷ್ಟದಲ್ಲಿರುವ ಸಮುದಾಯದ ಹಿತ ಇವು ಲೆಕ್ಕವನ್ನು ಮೀರಿ ತೀರ್ಮಾನವನ್ನು ಬೇರೆಡೆಗೆ ಒಯ್ಯಬಹುದು. ಜನಪ್ರತಿನಿಧಿಗಳಿಗೆ ಆ ಹಕ್ಕಿದೆ. ಹಾಗಾದಾಗ ವಿಶ್ಲೇಷಣೆಯ ಅಂಕಿಗಳನ್ನು ತಿದ್ದಿ ತೀರ್ಮಾನಕ್ಕೆ ಹೊಂದಿಸಬೇಡಿ. ವಿಶ್ಲೇಷಣೆ ಏನು ಹೇಳಿತು, ತೀರ್ಮಾನ ಏನಾಯಿತು, ಯಾವ ಕಾರಣಕ್ಕೆ ಬೇರೆಯಾಯಿತು ಎಂಬ ಮೂರನ್ನೂ ಕಡತದಲ್ಲಿ ಪಕ್ಕಪಕ್ಕದಲ್ಲಿ ದಾಖಲಿಸಿ, ಯೋಜನೆಯ ಅವಧಿ ಮುಗಿದಾಗ ಮರುಪರಿಶೀಲನೆಗೆ ಅದೇ ಪುಟವನ್ನು ಮೊದಲು ತೆರೆಯುವಂತೆ ಆದೇಶದಲ್ಲಿಯೇ ಸೇರಿಸಿಬಿಡಿ.